ಹೂಂ ಅನ್ನುವವರು ಬೇಕು

ಕಥೆ ಹೇಳುವ ಅಜ್ಜಿಯರದು ಹಿಂದಿನಿಂದಲೂ ಒಂದೇ ಕರಾರು. ಕೇಳುವವರು ಸುಮ್ಮನೆ ಕುಳಿತಿರಬಾರದು, ಮಾತುಮಾತಿಗೂ ‘ಹೂಂ’ ಅನ್ನುತ್ತಿರಬೇಕು. ಹೂಂ ನಿಂತರೆ ಕಥೆಯೂ ನಿಲ್ಲುತ್ತದೆ. ಮಕ್ಕಳು ನಿದ್ದೆ ಹೋದರೇ ಇಲ್ಲವೇ ಎಂದು ತಿಳಿಯಲು ಮಾಡಿಕೊಂಡ ಉಪಾಯ ಇದು ಎಂದು ಮೇಲ್ನೋಟಕ್ಕೆ ಅನ್ನಿಸಬಹುದು. ಆದರೆ ಈ ಕರಾರಿನೊಳಗೆ ಇನ್ನೂ ಒಂದು ತಿಳಿವಳಿಕೆ ಅಡಗಿದೆ. ಕಥೆಯೆಂಬುದು ಒಬ್ಬರ ಸೊತ್ತಲ್ಲ, ಹೇಳುವವರೂ ಕೇಳುವವರೂ ಕೂಡಿ ನಡೆಸಬೇಕಾದ ಕೆಲಸ. ಹೂಂ ಅನ್ನುತ್ತಿದ್ದ ಮಗು ಸ್ವಲ್ಪ ಹೊತ್ತಿಗೆ ‘ಆಮೇಲೇನಾಯ್ತಜ್ಜಿ?’ ಅನ್ನುತ್ತದೆ. ‘ಹುಲಿ ಯಾಕಜ್ಜಿ ಓಡಿಹೋಯ್ತು?’ ಎಂದು ಕೇಳುತ್ತದೆ. ಆ ಪ್ರಶ್ನೆಗೆ ತಕ್ಕಂತೆ ಅಜ್ಜಿ ಕಥೆಯನ್ನು ಒಂದಿಷ್ಟು ತಿರುಗಿಸುತ್ತಾಳೆ. ಅಲ್ಲಿಗೆ ಮಗುವೂ ಕಥೆಗಾರನೇ ಆದಂತಾಯಿತು.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ಕಂದಾಯದ ಲೆಕ್ಕದಲ್ಲಿ ತುಮಕೂರು ಜಿಲ್ಲೆಗೆ ಸೇರಿದವು. ಶಾಲೆಯ ಲೆಕ್ಕದಲ್ಲಿ ಮಾತ್ರ ಇವು ‘ಮಧುಗಿರಿ ಶೈಕ್ಷಣಿಕ ಜಿಲ್ಲೆ’. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ರಾಜ್ಯದಲ್ಲಿ ಮಧುಗಿರಿಗೆ ಎಷ್ಟನೇ ಸ್ಥಾನ ಎಂದು ಎಲ್ಲರೂ ಪತ್ರಿಕೆ ಬಿಡಿಸಿ ನೋಡುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ಮಳೆಯನ್ನೇ ನಂಬಿದ ಬಯಲುಸೀಮೆಯ ರೈತನ ಮಗನಿಗೆ, ಮಗಳಿಗೆ ಮುಂದಿನ ದಾರಿ ತೆರೆಯುವುದು ಅಂಕಪಟ್ಟಿಯೇ. ಆದರೆ ಅಂಕಪಟ್ಟಿಯಲ್ಲಿ ಕಾಲಂ ಇಲ್ಲದ ಕೆಲವು ವಿದ್ಯೆಗಳುಂಟು. ಎದುರಿಗಿರುವವರ ಮಾತನ್ನು ಪೂರ್ತಿ ಕೇಳುವುದು ಅಂಥದೊಂದು ವಿದ್ಯೆ. ಕೇಳಿದ್ದನ್ನು ನೆನಪಿಟ್ಟು, ಅದಕ್ಕೆ ಹೊಂದುವಂತೆ ತನ್ನದೊಂದು ಮಾತು ಸೇರಿಸುವುದು ಇನ್ನೊಂದು. ಈ ಎರಡನ್ನೂ ಕಾಸು ಖರ್ಚಿಲ್ಲದೆ ಕಲಿಸುವ ಆಟಗಳು ಇದೇ ನಾಲ್ಕು ತಾಲ್ಲೂಕಿನ ಮನೆ ಜಗಲಿಗಳಲ್ಲಿ, ಗುಡಿಯ ಕಟ್ಟೆಗಳಲ್ಲಿ ಇದ್ದವು. ಅಲ್ಲಲ್ಲಿ ಈಗಲೂ ಇವೆ.

ಮಣೆಯ ಮೇಲಿನ ಕಥೆಗಳು

ಶಿರಾ, ಪಾವಗಡದ ಕಡೆ ಕುರಿ ಮೇಕೆ ಸಾಕುವವರು ಹೆಚ್ಚು. ಅಲ್ಲಿನ ಬಂಡೆಯ ಮೇಲೆ ಸೀಮೆಸುಣ್ಣದಲ್ಲೋ ಇದ್ದಿಲಿನಲ್ಲೋ ಗೆರೆ ಎಳೆದು ಆಡುವ ಆಡು-ಹುಲಿ ಆಟವನ್ನೇ ನೋಡಿ. ಒಬ್ಬರದು ಮೂರು ಹುಲಿ, ಇನ್ನೊಬ್ಬರದು ಹದಿನೈದು ಆಡು. ಹುಲಿ ಆಡಿನ ಮೇಲೆ ಹಾರಿ ಅದನ್ನು ತಿನ್ನಬಹುದು. ಆಡಿಗೆ ಹಾರುವ ಶಕ್ತಿಯಿಲ್ಲ. ಆದರೆ ಆಡುಗಳು ಒತ್ತೊತ್ತಾಗಿ ನಿಂತು ಹುಲಿಗೆ ಕದಲಲು ಜಾಗವಿಲ್ಲದಂತೆ ಮಾಡಿದರೆ ಗೆಲುವು ಅವುಗಳದೇ. ಬಲ ಒಂದು ಕಡೆ, ಒಗ್ಗಟ್ಟು ಇನ್ನೊಂದು ಕಡೆ. ಇದು ಲೆಕ್ಕಾಚಾರದ ಆಟವೂ ಹೌದು, ಇಬ್ಬರು ಕೂತು ಮೌನವಾಗಿ ಕಟ್ಟುವ ಒಂದು ಕಥೆಯೂ ಹೌದು. ನೇಪಾಳದಲ್ಲಿ ಇದರ ಸೋದರನೊಬ್ಬನಿದ್ದಾನೆ. ‘ಬಾಘ್ ಚಾಲ್’ ಎಂಬ ಆ ಆಟದಲ್ಲಿ ಹುಲಿ ನಾಲ್ಕು, ಆಡು ಇಪ್ಪತ್ತು.

ಚೌಕಾಬಾರದಲ್ಲಿ ಕಾಯಿ ಮನೆಯಿಂದ ಮನೆಗೆ ಪ್ರಯಾಣ ಹೊರಡುತ್ತದೆ. ದಾರಿಯಲ್ಲಿ ಹೊಡೆಸಿಕೊಂಡು ಮತ್ತೆ ಮೊದಲಿನಿಂದ ನಡೆಯುತ್ತದೆ. ಕೊನೆಗೆ ನಡುಮನೆ ಸೇರಿ ‘ಹಣ್ಣಾಗುತ್ತದೆ’. ಅಳಗುಳಿ ಮಣೆಯಲ್ಲಿ ಒಬ್ಬರೇ ಕೂತು ಆಡುವ ಆಟಕ್ಕೆ ಕೆಲವು ಕಡೆ ‘ಸೀತೆ ಆಟ’ ಎಂಬ ಹೆಸರಿದೆ. ಅಶೋಕವನದ ಒಂಟಿತನದ ನೆನಪು ಅದಕ್ಕೆ ಅಂಟಿಕೊಂಡಿದೆ. ಪರಮಪದ ಸೋಪಾನ ಪಟದಲ್ಲಂತೂ ಏಣಿಗೆಲ್ಲ ಸದ್ಗುಣದ ಹೆಸರು, ಹಾವಿಗೆಲ್ಲ ದುರ್ಗುಣದ ಹೆಸರು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಇಂಥ ಆಟಗಳಲ್ಲಿ ಬಹಳ ಆಸಕ್ತಿ ಇದ್ದವರು. ಅವರ ‘ಶ್ರೀತತ್ತ್ವನಿಧಿ’ಯ ಒಂದು ಭಾಗವಾದ ‘ಕೌತುಕನಿಧಿ’ ಆಟಗಳಿಗೇ ಮೀಸಲು.

ಮಕ್ಕಳೇ ಚೀಟಿ ಬರೆದು ಆಡುವ ರಾಜ-ರಾಣಿ-ಮಂತ್ರಿ-ಕಳ್ಳ ಆಟವೂ ಇದೇ ಜಾತಿಯದು. ಮಡಿಸಿದ ಚೀಟಿ ಎತ್ತಿಕೊಂಡ ಕ್ಷಣ ಒಬ್ಬ ರಾಜನಾಗುತ್ತಾನೆ, ಇನ್ನೊಬ್ಬ ಮುಖದಲ್ಲಿ ಏನನ್ನೂ ತೋರಿಸಿಕೊಳ್ಳದೆ ಕಳ್ಳನಾಗಿ ಕೂರುತ್ತಾನೆ. ಕಳ್ಳನನ್ನು ಹಿಡಿಯಬೇಕಾದ ಮಂತ್ರಿ ಎಲ್ಲರ ಮುಖವನ್ನೂ ಓದುತ್ತಾನೆ. ಒಂದೇ ಒಂದು ಹಾಳೆಯ ತುಂಡಿನಿಂದ ಆಸ್ಥಾನವೊಂದು ಹುಟ್ಟಿಬಿಡುತ್ತದೆ.

ಕೂತಲ್ಲೇ ಕುರುಕ್ಷೇತ್ರ

ಮಣೆ, ಚೀಟಿ ಯಾವುದೂ ಇಲ್ಲದೆ ಬರೀ ಮಾತಿನಲ್ಲೇ ಹಲವರು ಕೂಡಿ ಕಥೆ ನಡೆಸುವುದು ಕನ್ನಡಿಗರಿಗೆ ಹೊಸದಲ್ಲ. ಶಿರಾ ತಾಲ್ಲೂಕಿನ ಕಾಡುಗೊಲ್ಲರ ಹಟ್ಟಿಗಳಲ್ಲಿ ‘ಗಣೆ’ ಎಂಬ ಉದ್ದನೆಯ ಬಿದಿರ ಕೊಳಲು ನುಡಿಸುತ್ತಾ ಜುಂಜಪ್ಪನ ಕಥೆ ಹಾಡುವಾಗ, ಒಬ್ಬರ ದನಿಗೆ ಇನ್ನೊಬ್ಬರ ದನಿ ಆಸರೆಯಾಗಿ ನಿಲ್ಲುತ್ತದೆ. ತುಮಕೂರು ಸೀಮೆಯ ಮೂಡಲಪಾಯ ಯಕ್ಷಗಾನದಲ್ಲಿ ಭಾಗವತರು ಹಾಡಿ ಕಥೆಯನ್ನು ಮುಂದಕ್ಕೆ ಕೊಂಡೊಯ್ದರೆ ವೇಷಧಾರಿಗಳು ಅದಕ್ಕೆ ಮಾತು ತುಂಬುತ್ತಾರೆ.

ಇದರ ಅತ್ಯಂತ ಬೆಳೆದ ರೂಪ ಬೇಕೆಂದರೆ ಕರಾವಳಿ ಮತ್ತು ಮಲೆನಾಡಿನ ಕಡೆಗೆ, ಕೇರಳಕ್ಕೆ ಸೇರಿದ ಕಾಸರಗೋಡಿನ ಕನ್ನಡ ಊರುಗಳಿಗೆ ಹೋಗಬೇಕು. ಅಲ್ಲಿನ ತಾಳಮದ್ದಳೆಯಲ್ಲಿ ಬಣ್ಣವಿಲ್ಲ, ವೇಷವಿಲ್ಲ, ಕುಣಿತವಿಲ್ಲ. ಎಲ್ಲರೂ ಕೂತೇ ಇರುತ್ತಾರೆ. ಭಾಗವತರು ಪ್ರಸಂಗದ ಪದ ಹಾಡುತ್ತಾರೆ. ಒಬ್ಬರು ಕರ್ಣ, ಇನ್ನೊಬ್ಬರು ಕೃಷ್ಣ. ಆ ‘ಅರ್ಥಧಾರಿ’ಗಳು ಆಡುವ ಮಾತು ಯಾವ ಪುಸ್ತಕದಲ್ಲೂ ಬರೆದಿಟ್ಟದ್ದಲ್ಲ, ಅಲ್ಲೇ ಆ ಕ್ಷಣದಲ್ಲೇ ಹುಟ್ಟಬೇಕು. ಕೃಷ್ಣ ಏನು ಕೇಳುತ್ತಾನೋ ಅದಕ್ಕೆ ತಕ್ಕ ಉತ್ತರವನ್ನು ಕರ್ಣ ಕೊಡಬೇಕು. ಎದುರಾಳಿಯ ಮಾತನ್ನು ಅರ್ಧ ಕೇಳಿದವನು ಅಲ್ಲಿ ಉಳಿಯಲಾರ. ಕಥೆಯ ಕೊನೆ ಎಲ್ಲರಿಗೂ ಗೊತ್ತಿರುತ್ತದೆ, ಅಲ್ಲಿಗೆ ಹೋಗುವ ದಾರಿ ಮಾತ್ರ ಪ್ರತಿ ರಾತ್ರಿಯೂ ಹೊಸದು. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು (1918–2006) ಈ ಕಲೆಯಿಂದಲೇ ನಾಡಿಗೆಲ್ಲ ಪರಿಚಿತರಾದರು. ಮಳೆಗಾಲದಲ್ಲಿ ಬಯಲಾಟದ ಮೇಳಗಳು ತಿರುಗಾಟ ನಿಲ್ಲಿಸಿದಾಗ ತಾಳಮದ್ದಳೆಗಳು ಹೆಚ್ಚು ನಡೆಯುತ್ತವೆ. ಹೊರಗೆ ಮಳೆ ಹೊಯ್ಯುತ್ತಿದ್ದರೆ ಒಳಗೆ ಕೂತವರಿಗೆ ಕಥೆಯೇ ಕೆಲಸ.

ಬೇಸಿಗೆ ಬಾರದ ವರ್ಷ

ಮಳೆಗೂ ಕಥೆಗೂ ಇರುವ ಈ ನಂಟಿಗೆ ದೂರದೇಶದ ಉದಾಹರಣೆಯೊಂದಿದೆ. 1815ರ ಏಪ್ರಿಲ್‌ನಲ್ಲಿ ಈಗಿನ ಇಂಡೊನೇಷ್ಯಾದ ಸುಂಬಾವ ದ್ವೀಪದ ತಂಬೋರಾ ಜ್ವಾಲಾಮುಖಿ ಸಿಡಿಯಿತು. ಅದು ಕಾರಿದ ಗಂಧಕದ ಅನಿಲ ಆಕಾಶದ ಎತ್ತರದ ಪದರಕ್ಕೆ ಏರಿ, ಸೂಕ್ಷ್ಮ ಹನಿಗಳಾಗಿ ಹರಡಿ, ಸೂರ್ಯನ ಬಿಸಿಲನ್ನು ಒಂದಿಷ್ಟು ತಡೆಯಿತು. ಮರುವರ್ಷ ಯುರೋಪು, ಅಮೆರಿಕಗಳಲ್ಲಿ ಬೇಸಿಗೆಯೇ ಬಂದಂತಿರಲಿಲ್ಲ. ಚಳಿ, ಮಳೆ, ಬೆಳೆನಷ್ಟ. 1816ನ್ನು ‘ಬೇಸಿಗೆಯಿಲ್ಲದ ವರ್ಷ’ ಎಂದೇ ಕರೆಯುತ್ತಾರೆ.

ಆ ವರ್ಷ ಸ್ವಿಟ್ಜರ್ಲೆಂಡಿನ ಜಿನೀವಾ ಸರೋವರದ ದಡದ ಮನೆಯೊಂದರಲ್ಲಿ ಇಂಗ್ಲಿಷ್ ಕವಿ ಬೈರನ್ ಮತ್ತು ಅವನ ಗೆಳೆಯರು ಮಳೆಯಿಂದಾಗಿ ಹೊರಗೆ ಕಾಲಿಡಲಾಗದೆ ಕೂತಿದ್ದರು. ಹೊತ್ತು ಕಳೆಯಲು ದೆವ್ವದ ಕಥೆಗಳನ್ನು ಓದಿದರು. ಆಮೇಲೆ ‘ಪ್ರತಿಯೊಬ್ಬರೂ ಒಂದೊಂದು ದೆವ್ವದ ಕಥೆ ಕಟ್ಟೋಣ’ ಎಂಬ ಮಾತಾಯಿತು. ಅವರೊಳಗೆ ಮೇರಿ ಎಂಬ ಹದಿನೆಂಟು ವರ್ಷದ ಹುಡುಗಿಯಿದ್ದಳು. ಸತ್ತ ಕಪ್ಪೆಯ ಕಾಲು ವಿದ್ಯುತ್ ತಗುಲಿದಾಗ ಅದುರುವ ಗ್ಯಾಲ್ವಾನಿಯ ಪ್ರಯೋಗ ಆ ಕಾಲದಲ್ಲಿ ಬಹಳ ಚರ್ಚೆಯಲ್ಲಿದ್ದ ವಿಷಯ. ನಿರ್ಜೀವ ದೇಹಕ್ಕೆ ಜೀವ ಬರಿಸಿದ ವಿಜ್ಞಾನಿಯೊಬ್ಬ ಅದರ ಹೊಣೆ ಹೊರದೆ ಓಡಿಹೋದರೆ ಏನಾದೀತು ಎಂಬುದು ಆಕೆಯ ಕಥೆ. 1818ರಲ್ಲಿ ಅಚ್ಚಾದ ಆ ‘ಫ್ರಾಂಕೆನ್‌ಸ್ಟೈನ್’ ಇಂದಿಗೂ ವಿಜ್ಞಾನದ ವಿದ್ಯಾರ್ಥಿಗಳು ಓದಬೇಕಾದ ಕಾದಂಬರಿ. ಹೊತ್ತು ಕಳೆಯಲು ಹೂಡಿದ ಆಟದಿಂದ ಅದು ಹುಟ್ಟಿತು ಎಂಬುದನ್ನು ಮರೆಯಬಾರದು.

ಜಿನೀವಾ ಸರೋವರ ಎಂಬ ಹೆಸರಿನದೇ ಒಂದು ಊರು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿದೆ: ಲೇಕ್ ಜಿನೀವಾ. 1974ರಲ್ಲಿ ಆ ಊರಿನಿಂದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ ಆಟ ಹೊರಬಂತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ಅದನ್ನು ರೂಪಿಸಿದವರು. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬ ಸೂತ್ರಧಾರ. ‘ನೀವೀಗ ಒಂದು ಗುಹೆಯ ಬಾಗಿಲಲ್ಲಿದ್ದೀರಿ, ಒಳಗೆ ಬೆಳಕು ಕಾಣುತ್ತಿದೆ, ಏನು ಮಾಡುತ್ತೀರಿ?’ ಎಂದು ಅವನು ಕೇಳಿದರೆ ಯೋಧ, ಮಾಂತ್ರಿಕ, ಕಳ್ಳ ಹೀಗೆ ಒಂದೊಂದು ಪಾತ್ರ ಹೊತ್ತ ಉಳಿದವರು ಉತ್ತರ ಹೇಳುತ್ತಾರೆ. ಕೆಲಸ ಕೈಗೂಡಿತೋ ಇಲ್ಲವೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ. ನಮ್ಮ ಭಾಗವತರೂ ಅರ್ಥಧಾರಿಗಳೂ ಪಗಡೆ ದಾಳ ಹಿಡಿದು ಕೂತರೆ ಹೇಗೋ ಹಾಗೆ. ಇಂದು ಬೆಂಗಳೂರಿನಲ್ಲೂ ಈ ಆಟ ಆಡುವ ತರುಣ ತರುಣಿಯರಿದ್ದಾರೆ.

ಆ ಆಟದ ದಾಳಗಳು ವಿದ್ಯಾರ್ಥಿಗಳು ಗಮನಿಸಬೇಕಾದವು. ಮೂಲತಃ ಅವು ನಾಲ್ಕು, ಆರು, ಎಂಟು, ಹನ್ನೆರಡು, ಇಪ್ಪತ್ತು ಮುಖಗಳವು. ಎಲ್ಲ ಮುಖವೂ ಒಂದೇ ಆಕಾರದ ಸಮಭುಜ ಆಕೃತಿಯಾಗಿದ್ದು, ಎಲ್ಲ ಮೂಲೆಯೂ ಒಂದೇ ಬಗೆಯಾಗಿರುವ ಉಬ್ಬುಘನಗಳು ಈ ಐದೇ ಎಂದು ಯೂಕ್ಲಿಡ್ ತನ್ನ ಗ್ರಂಥದ ಕೊನೆಯ ಭಾಗದಲ್ಲಿ ಸಾಧಿಸಿದ್ದಾನೆ. ಒಂದು ಮೂಲೆಯಲ್ಲಿ ಕನಿಷ್ಠ ಮೂರು ಮುಖ ಸೇರಬೇಕು, ಅಲ್ಲಿ ಸೇರುವ ಕೋನಗಳ ಮೊತ್ತ 360 ಡಿಗ್ರಿಗಿಂತ ಕಡಿಮೆ ಇರಬೇಕು. ಇಷ್ಟನ್ನು ಹಿಡಿದುಕೊಂಡು ರಟ್ಟಿನ ತ್ರಿಕೋನ, ಚೌಕ, ಪಂಚಕೋನಗಳನ್ನು ಅಂಟಿಸುತ್ತಾ ಹೋದರೆ ಆರನೆಯದು ಏಕಿಲ್ಲ ಎಂಬುದು ಎಂಟನೆಯ ತರಗತಿಯ ಮಕ್ಕಳಿಗೂ ಹೊಳೆಯುತ್ತದೆ.

ಹುಣಸೆ ಬೀಜದ ಆಟ

ಅಷ್ಟು ದಾಳಗಳನ್ನು ಕೊಳ್ಳಬೇಕಾದ್ದೇನೂ ಇಲ್ಲ. ತುಮಕೂರು ಸೀಮೆಯಲ್ಲಿ ಹುಣಸೆ ಬೀಜಕ್ಕೆ ಬರವೇ? ನಾಲ್ಕು ಬೀಜಗಳ ಒಂದು ಮಗ್ಗುಲನ್ನು ಕಲ್ಲಿಗೆ ಉಜ್ಜಿ ಬಿಳಿ ಮಾಡಿಕೊಂಡರೆ ದಾಳ ಸಿದ್ಧ. ಚೌಕಾಬಾರದಲ್ಲಿ ಮಾಡುವಂತೆ ಕೈಯಲ್ಲಿ ಕುಲುಕಿ ಚೆಲ್ಲಬೇಕು. ಎಷ್ಟು ಬಿಳಿ ಮೇಲಾಗಿ ಬಿದ್ದವೋ ಅಷ್ಟು ಗರ. ನಾಲ್ಕೂ ಬಿಳಿಯಾದರೆ ಚೌಕ, ಅಂದರೆ ನಾಲ್ಕು. ಒಂದೂ ಬಿಳಿ ಬೀಳದಿದ್ದರೆ ಬಾರ, ಅಂದರೆ ಎಂಟು.

ಇಲ್ಲಿ ಸ್ವಲ್ಪ ಗಣಿತ ಮಾಡಬಹುದು. ಒಂದು ಬೀಜ ಎರಡು ರೀತಿ ಬೀಳಬಹುದಾದರೆ ನಾಲ್ಕು ಬೀಜ 2×2×2×2, ಅಂದರೆ 16 ರೀತಿ ಬೀಳಬಹುದು. ಅದರಲ್ಲಿ ಒಂದು ಬೀಳುವುದು 4 ರೀತಿ, ಎರಡು 6 ರೀತಿ, ಮೂರು 4 ರೀತಿ. ಚೌಕ ಒಂದೇ ರೀತಿ, ಬಾರವೂ ಒಂದೇ ರೀತಿ. ಬೀಜ ಎರಡೂ ಕಡೆ ಸಮನಾಗಿ ಬೀಳುತ್ತದೆ ಎಂದಿಟ್ಟುಕೊಂಡರೆ ಹೆಚ್ಚು ಸಲ ಬೀಳುವುದು ಎರಡು. ಚೌಕವೋ ಬಾರವೋ ಬೀಳುವುದು ಸರಾಸರಿ ಎಂಟು ಸಲಕ್ಕೆ ಒಂದು ಸಲ. ನೂರು ಸಲ ಚೆಲ್ಲಿ ಬರೆದುಕೊಂಡರೆ ಬೀಜ ನಿಜಕ್ಕೂ ಸಮನಾಗಿ ಬೀಳುತ್ತದೆಯೇ ಎಂಬುದೂ ತಿಳಿಯುತ್ತದೆ.

ಈಗ ಆಟ. ಮನೆಯವರು ನಾಲ್ಕೈದು ಜನ ಸುತ್ತ ಕೂರಬೇಕು. ಹಿರಿಯರು ಕಥೆ ಶುರು ಮಾಡುತ್ತಾರೆ. ಮುಂದಿನವರು ಬೀಜ ಚೆಲ್ಲಿ, ಬಿದ್ದ ಗರಕ್ಕೆ ತಕ್ಕಂತೆ ನಾಲ್ಕು ಮಾತು ಸೇರಿಸುತ್ತಾರೆ. ಎರಡು ಬಿದ್ದರೆ ಕಥೆ ಸಲೀಸಾಗಿ ಮುಂದೆ ಹೋಗುತ್ತದೆ. ಒಂದು ಬಿದ್ದರೆ ತೊಡಕೊಂದು ಎದುರಾಗುತ್ತದೆ. ಮೂರಕ್ಕೆ ಹೊಸಬರೊಬ್ಬರು ಕಥೆಗೆ ಬರುತ್ತಾರೆ. ಚೌಕಕ್ಕೆ ಎಣಿಸದೇ ಇದ್ದ ಅನುಕೂಲ. ಬಾರಕ್ಕೆ ಎಲ್ಲ ತಲೆಕೆಳಗಾಗುವಂಥ ಸಂಗತಿ. ಮೂರು ಸುತ್ತು ಮುಗಿದ ಮೇಲೆ ಕೊನೆಯವರು ಕಥೆಗೆ ಮಂಗಳ ಹಾಡಬೇಕು.

ನಿಯಮ ಮೂರೇ ಮೂರು. ತನ್ನ ಮಾತಿಗೆ ಮೊದಲು, ಹಿಂದಿನವರು ಹೇಳಿದ್ದನ್ನು ಒಂದು ವಾಕ್ಯದಲ್ಲಿ ಹೇಳಬೇಕು. ಹಿಂದೆ ಯಾರೇ ಹೇಳಿದ್ದನ್ನು ‘ಅದು ಸುಳ್ಳು’ ಎಂದು ಅಳಿಸಿಹಾಕುವಂತಿಲ್ಲ, ‘ಅದೆಲ್ಲ ಕನಸು’ ಎಂದು ಜಾರಿಕೊಳ್ಳುವಂತೆಯೂ ಇಲ್ಲ. ಬಂದ ಕಷ್ಟಕ್ಕೆ ದೇವರು ಪ್ರತ್ಯಕ್ಷನಾಗಿ ಪರಿಹಾರ ಕೊಡಬಾರದು, ಕಥೆಯೊಳಗಿನವರೇ ದಾರಿ ಹುಡುಕಿಕೊಳ್ಳಬೇಕು.

ಒಂದು ಮಾದರಿ ನೋಡೋಣ. ಪಾವಗಡದ ಕಡೆಯ ಹುಡುಗನೊಬ್ಬ ಕುರಿಮರಿ ಹಿಡಿದುಕೊಂಡು ಮಧುಗಿರಿಯ ದಂಡಿನ ಮಾರಮ್ಮನ ಜಾತ್ರೆಗೆ ಹೊರಟ ಎಂದು ತಾತ ಶುರು ಮಾಡುತ್ತಾರೆ. ಅಮ್ಮನಿಗೆ ಎರಡು ಬೀಳುತ್ತದೆ, ಹುಡುಗ ಜಾತ್ರೆ ಸೇರುತ್ತಾನೆ. ಅಣ್ಣನಿಗೆ ಒಂದು ಬೀಳುತ್ತದೆ, ತಮಟೆಯ ಸದ್ದಿಗೆ ಬೆದರಿದ ಮರಿ ಹಗ್ಗ ಕಿತ್ತುಕೊಂಡು ಬೆಟ್ಟದ ಕಡೆ ಓಡುತ್ತದೆ. ತಂಗಿಗೂ ಒಂದೇ ಬೀಳುತ್ತದೆ. ‘ಮರಿ ಬೆಟ್ಟದ ತುದಿಗೆ ಹತ್ತಿಬಿಡ್ತು!’ ಅನ್ನುತ್ತಾಳೆ. ‘ಮೇಕೆಯಾದರೆ ಹತ್ತೀತು. ಅಷ್ಟು ಕಡಿದಾದ ಬಂಡೆಯನ್ನು ಕುರಿಮರಿ ಹೇಗವ್ವಾ ಹತ್ತೀತು?’ ಎಂದು ತಾತ ಕೇಳುತ್ತಾರೆ. ಮರಿಯನ್ನು ಮೇಕೆ ಮಾಡುವಂತಿಲ್ಲ, ಅದು ಆಗಲೇ ಕುರಿ ಎಂದಾಗಿದೆ. ಹುಡುಗಿ ಯೋಚಿಸುತ್ತಾಳೆ. ‘ಕೋಟೆ ನೋಡೋಕೆ ಬಂದೋರು ಹತ್ತೋ ಮೆಟ್ಟಿಲಿದೆಯಲ್ಲ ತಾತ, ಅವರ ಹಿಂದೆ ಹೋಯ್ತು. ಆದರೆ ತುದಿಗಲ್ಲ, ಅರ್ಧಕ್ಕೆ’ ಅನ್ನುತ್ತಾಳೆ. ತಾತ ‘ಹೂಂ’ ಅನ್ನುತ್ತಾರೆ.

ಆ ಒಂದು ನಿಮಿಷದಲ್ಲಿ ಹುಡುಗಿ ಮಾಡಿದ್ದೇನು? ಮೊದಲೇ ಒಪ್ಪಿಕೊಂಡ ಸಂಗತಿಗಳನ್ನು ಬಿಡದೆ ಹಿಡಿದುಕೊಂಡಳು. ಅವುಗಳಿಗೆ ಹೊಂದುವ ಕಾರಣ ಹುಡುಕಿದಳು. ಹೊಂದದೇ ಹೋದ ತನ್ನದೇ ಮಾತನ್ನು ಅಳತೆಗೆ ತಂದುಕೊಂಡಳು. ಪ್ರಯೋಗಶಾಲೆಯಲ್ಲಿ ವಿಜ್ಞಾನಿ ಮಾಡುವುದೂ ಇದನ್ನೇ. ಕಂಡ ಸಂಗತಿ ಅಳಿಸುವಂತಿಲ್ಲ, ಕಾರಣ ಹೊಂದಬೇಕು, ಹೊಂದದಿದ್ದರೆ ಊಹೆಯನ್ನು ತಿದ್ದಿಕೊಳ್ಳಬೇಕು. ‘ಹೀಗಾದರೆ ಏನಾದೀತು?’ ಎಂಬ ಪ್ರಶ್ನೆ ಕಥೆಗೂ ಬೇಕು, ವಿಜ್ಞಾನಕ್ಕೂ ಬೇಕು.

ಹೆತ್ತವರಿಗೆ ಎರಡು ಮಾತು

ಈ ಆಟದಲ್ಲಿ ಸೋಲು ಗೆಲುವಿಲ್ಲ. ಹೆತ್ತವರು ಇದನ್ನು ಇನ್ನೊಂದು ಪರೀಕ್ಷೆ ಮಾಡದಿರುವುದು ಮುಖ್ಯ. ‘ವ್ಯಾಕರಣ ತಪ್ಪು’, ‘ಪಕ್ಕದ ಮನೆಯವನು ಎಷ್ಟು ಚೆನ್ನಾಗಿ ಹೇಳ್ತಾನೆ ನೋಡು’ ಎಂಬ ಮಾತು ಬಿದ್ದ ಕೂಡಲೇ ಮಗುವಿನ ಬಾಯಿ ಕಟ್ಟುತ್ತದೆ. ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಸದ್ದಿಲ್ಲದೆ ಕೂರುವ ಮಕ್ಕಳು ಇಂಥ ಆಟದಲ್ಲಿ ಮಾತಾಡುವುದುಂಟು. ಏಕೆಂದರೆ ಇಲ್ಲಿ ಸರಿಯುತ್ತರವೆಂಬ ಅಂಜಿಕೆಯಿಲ್ಲ. ಪಾವಗಡದ ಎಷ್ಟೋ ಮನೆಗಳ ಮಾತು ತೆಲುಗು, ಶಿರಾದ ಹಲವು ಮನೆಗಳದು ಉರ್ದು. ಕಥೆ ಯಾವ ಭಾಷೆಯಲ್ಲಾದರೂ ನಡೆಯಲಿ, ಎರಡು ಭಾಷೆ ಬೆರೆತರೂ ಚಿಂತೆಯಿಲ್ಲ. ಆದರೆ ಯಾರ ಜಾತಿಯನ್ನೂ, ಅಂಗವೈಕಲ್ಯವನ್ನೂ, ಬಡತನವನ್ನೂ ನಗೆಯ ವಸ್ತು ಮಾಡಬಾರದು ಎಂಬುದನ್ನು ಹಿರಿಯರು ನೋಡಿಕೊಳ್ಳಬೇಕು.

ಎರಡನೆಯ ಮಾತು ಇನ್ನೂ ಅವಸರದ್ದು. ಮೈಸೂರಿನಲ್ಲಿ ಹುಟ್ಟಿದ ಎ.ಕೆ. ರಾಮಾನುಜನ್ (1929–1993) ಸಂಗ್ರಹಿಸಿದ ಕನ್ನಡದ ಜನಪದ ಕಥೆಗಳಲ್ಲಿ ಒಂದು ಹೀಗಿದೆ. ಒಬ್ಬ ಹೆಂಗಸಿಗೆ ಒಂದು ಕಥೆಯೂ ಒಂದು ಹಾಡೂ ಗೊತ್ತಿದ್ದವು. ಆಕೆ ಅವನ್ನು ಯಾರಿಗೂ ಹೇಳಲಿಲ್ಲ. ಒಳಗೇ ಉಸಿರುಗಟ್ಟಿದ ಅವು ಒಂದು ದಿನ ಆಕೆ ಬಾಯಿ ತೆರೆದು ಮಲಗಿದ್ದಾಗ ಹೊರಗೆ ಬಂದು, ಒಂದು ಜೊತೆ ಕೆರವಾಗಿ, ಒಂದು ಅಂಗಿಯಾಗಿ ಮನೆಯಲ್ಲಿ ಕಾಣಿಸಿಕೊಂಡವು. ಯಾರದಿವು ಎಂದು ಗಂಡನಿಗೆ ಅನುಮಾನ ಬಂದು ಜಗಳವಾಯಿತು. ರಾತ್ರಿ ಆರಿಸಿದ ಮೇಲೆ ಗುಡಿಯಲ್ಲಿ ಸೇರುವ ಊರ ದೀಪಗಳು ತಮ್ಮತಮ್ಮಲ್ಲಿ ಮಾತಾಡಿಕೊಂಡಾಗ ಗಂಡನಿಗೆ ನಿಜ ತಿಳಿಯಿತು. ಆತ ಮನೆಗೆ ಬಂದು ಕಥೆ ಕೇಳಿದ. ಅಷ್ಟರಲ್ಲಿ ಆಕೆಗೆ ಅದು ಮರೆತೇಹೋಗಿತ್ತು. ಗಿರೀಶ ಕಾರ್ನಾಡರ ‘ನಾಗಮಂಡಲ’ ನಾಟಕದಲ್ಲೂ ಈ ದೀಪಗಳಿವೆ, ಕಥೆಗೆ ಬಂದ ಆ ಕಷ್ಟವಿದೆ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಎಷ್ಟೋ ಮನೆಗಳಲ್ಲಿ ಇಂದು ಅಂಥ ಕಥೆಗಳು ಹಿರಿಯರ ಬಾಯೊಳಗೇ ಉಳಿದಿವೆ. ಹೇಳಲು ಅವರು ಸಿದ್ಧರಿದ್ದಾರೆ, ಕೂತು ಕೇಳುವವರಿಲ್ಲ. ಮಕ್ಕಳು ಹಾಸ್ಟೆಲಿನಲ್ಲಿ, ದೊಡ್ಡವರು ಬೆಂಗಳೂರಿನ ಕೆಲಸದಲ್ಲಿ. ಮನೆಯಲ್ಲಿರುವಷ್ಟು ಹೊತ್ತೂ ಎಲ್ಲರ ಕಣ್ಣು ಮೊಬೈಲಿನ ಮೇಲೆ. ಎಂಬತ್ತು ವರ್ಷದ ಅಜ್ಜಿಯೊಬ್ಬಳು ತೀರಿಕೊಂಡರೆ ಆಕೆಯ ಜೊತೆಗೆ ಹೋಗುವ ಕಥೆ, ಒಗಟು, ಆಟದ ನಿಯಮಗಳನ್ನು ಆಮೇಲೆ ಯಾವ ಪುಸ್ತಕದ ಅಂಗಡಿಯಲ್ಲೂ ಕೊಳ್ಳಲಾಗದು.

ಅದಕ್ಕೆ ಬೇಕಾದ್ದು ಹೆಚ್ಚೇನಿಲ್ಲ. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಸಂಜೆಯ ಒಂದು ಗಂಟೆ, ನಾಲ್ಕು ಹುಣಸೆ ಬೀಜ, ಒಂದು ನೋಟುಬುಕ್ಕು. ಆಟದ ಮೊದಲ ಕಥೆಯನ್ನು ಮನೆಯ ಹಿರಿಯರೇ ಶುರು ಮಾಡಲಿ. ಅವರು ಹೇಳಿದ ಹಳೆಯ ಕಥೆಯನ್ನು ಮಕ್ಕಳು ಹೇಳಿದಂತೆಯೇ, ಅದೇ ಮಾತಿನಲ್ಲಿ ಬರೆದುಕೊಳ್ಳಲಿ. ಕೆಳಗೆ ಹೇಳಿದವರ ಹೆಸರು, ಊರು, ತಾರೀಖು ಹಾಕಲಿ. ಜಾನಪದ ವಿದ್ವಾಂಸರು ಮಾಡುವ ಕೆಲಸವೂ ಇಷ್ಟೇ. ವರ್ಷ ಕಳೆಯುವಷ್ಟರಲ್ಲಿ ನೋಟುಬುಕ್ಕು ತುಂಬಿದರೆ ಶಾಲೆಯ ಗ್ರಂಥಾಲಯಕ್ಕೆ ಒಂದು ಪ್ರತಿ ಕೊಡಲಿ. ಬರೆಯುವಾಗ ಕೈ ನೋಯುತ್ತದೆ ಎನ್ನುವವರು ಬರೆಯದಿದ್ದರೂ ಪರವಾಗಿಲ್ಲ. ಹತ್ತಿರ ಕೂತು ಹೂಂ ಅಂದರೂ ಸಾಕು.